ಗಂಟು ಹಾಕದ ಹೊಲಿಗೆ ಗಟ್ಟಿಯಾಗಿ ನಿಲ್ಲತ್ತಾ? ಓದುಗರ ಪ್ರಶ್ನೆ, ಮೂಳೆ ಡಾಕ್ಟರ ಉತ್ತರ

ಹೋದ ಸಂಚಿಕೆಯಲ್ಲಿ ಭುಜದ ನೋವಿನ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪ್ರಶ್ನೆಗಳಲ್ಲಿ ತುಂಬಾ ಜನ ಕೇಳಿರೋದು ಒಂದೇ ವಿಷಯ: ‘ನಾಟ್‌ಲೆಸ್’ ಅಂದ್ರೆ ಏನು, ಗಂಟು ಹಾಕದೆ ಹೊಲಿದ್ರೆ ಒಳಗೆ ನಿಲ್ಲತ್ತಾ ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೀನಿ. ಸ್ಕ್ಯಾನ್ ರಿಪೋರ್ಟ್ ಕಳಿಸಿದವರಿಗೆ ಒಂದು ಮಾತು, ಕೈ ಮುಟ್ಟಿ ನೋಡದೆ ನಿಮಗೆ ಆಪರೇಷನ್ ಬೇಕು ಬೇಡ ಅಂತ ನಾನು ಇಲ್ಲಿಂದ ಹೇಳೋಕಾಗಲ್ಲ, ನಿಮ್ಮ ಡಾಕ್ಟರ ಹತ್ರ ಏನು ಕೇಳ್ಬೇಕು ಅನ್ನೋದನ್ನ ಹೇಳಬಲ್ಲೆ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನ್ರಿಗೆ 58 ವರ್ಷ. ಆರು ತಿಂಗಳ ಹಿಂದೆ ಬೈಕಿಂದ ಬಿದ್ರು, ಆವತ್ತಿಂದ ಬಲಗೈ ಮೇಲೆತ್ತೋಕೆ ಆಗ್ತಿಲ್ಲ. ಎಂಆರ್‌ಐನಲ್ಲಿ ರೊಟೇಟರ್ ಕಫ್ ಪೂರ್ತಿ ಹರಿದಿದೆ ಅಂತ ಬಂದಿದೆ. ಕೀಹೋಲ್ ಆಪರೇಷನ್, ನಾಟ್‌ಲೆಸ್ ರಿಪೇರಿ ಮಾಡ್ತೀವಿ ಅಂದ್ರು ಡಾಕ್ಟರು. ಗಂಟೇ ಹಾಕದಿದ್ರೆ ಬಿಚ್ಚಿಕೊಳ್ಳಲ್ವಾ? – ಓದುಗರು, ತುಮಕೂರು

ಉತ್ತರ: ಬಿಚ್ಚಿಕೊಳ್ಳಲ್ಲಮ್ಮ, ಯಾಕೆ ಅಂತ ಹೇಳ್ತೀನಿ. ಭುಜದ ಗುಂಡುಮೂಳೆಯನ್ನ ನಾಲ್ಕು ಸ್ನಾಯುಗಳು ಸುತ್ತಿ ಹಿಡ್ಕೊಂಡಿರ್ತವೆ, ಅವುಗಳ ತುದಿಯ ಪಟ್ಟಿ, ಅಂದ್ರೆ ಟೆಂಡನ್, ಮೂಳೆಗೆ ಅಂಟಿಕೊಂಡಿರತ್ತೆ. ಈ ನಾಲ್ಕೂ ಸೇರಿದ್ರೆ ರೊಟೇಟರ್ ಕಫ್. ಹರಿಯೋದು ಹೆಚ್ಚಾಗಿ ಮೇಲ್ಗಡೆ ಇರೋ ಸುಪ್ರಾಸ್ಪೈನೇಟಸ್, ಅದೂ ಬಟ್ಟೆ ಹರಿದ ಹಾಗೆ ನಡುವೆ ಅಲ್ಲ, ಮೂಳೆಗೆ ಅಂಟಿರೋ ಜಾಗದಿಂದ ಕಿತ್ತು ಬರತ್ತೆ. ಅಂದ್ರೆ ನಾವು ಮಾಡೋದು ಎರಡು ತುಂಡು ಮಾಂಸ ಸೇರಿಸಿ ಹೊಲಿಯೋದಲ್ಲ, ಕಿತ್ತು ಹೋದ ಪಟ್ಟಿಯನ್ನ ಎಳೆದು ತಂದು ಮೂಳೆಗೆ ಒತ್ತಿ ಕೂರಿಸೋದು. ಅದಕ್ಕೆ ಮೂಳೆಯೊಳಗೆ ಆಂಕರ್ ಅಂತ ಒಂದು ಸಣ್ಣ ಮೊಳೆಯಂಥದ್ದು ಹಾಕ್ತೀವಿ, ಸುಮಾರು ಐದು ಮಿಲಿಮೀಟರ್ ದಪ್ಪ, ಅದರ ಜೊತೆ ತುಂಬಾ ಗಟ್ಟಿಯಾದ ದಾರ ಬಂದಿರತ್ತೆ.

ಹಳೇ ರೀತಿಯಲ್ಲಿ ಆ ದಾರದ ಎರಡು ತುದಿಯನ್ನ ಟೆಂಡನ್ ಮೂಲಕ ಹಾಯಿಸಿ, ಹೊರಗೆ ಗಂಟು ಸುತ್ತಿ, ಬೆರಳಿನಷ್ಟೂ ಅಗಲ ಇಲ್ಲದ ಪ್ಲಾಸ್ಟಿಕ್ ಕೊಳವೆಯೊಳಗಿಂದ ಒಂದು ಕಡ್ಡಿಯಲ್ಲಿ ಆ ಗಂಟನ್ನ ಭುಜದ ಒಳಕ್ಕೆ ತಳ್ಳಬೇಕು, ಒಳಗೆ ಸಲೈನ್ ನೀರು ತುಂಬಿರತ್ತೆ, ಕಣ್ಣು ಟಿವಿ ಮೇಲೆ. ಮೊದಲು ಜಾರೋ ಗಂಟು, ಅದರ ಮೇಲೆ ದಾರ ಬದಲಾಯಿಸ್ತಾ ಮೂರು ಅರ್ಧಗಂಟು. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮೆಡಿಕಲ್ ಸೆಂಟರ್‌ನವರು ಇದಕ್ಕೇ ಅಂತ ಒಂದು ಗಂಟು ಕಂಡುಹಿಡಿದ್ರು, 2000ರಲ್ಲಿ, ಅದಕ್ಕೆ ಎಸ್‌ಎಂಸಿ ಗಂಟು ಅಂತಲೇ ಹೆಸರು. ಚೆನ್ನಾಗಿ ಕಲಿತ ಕೈ ಹಾಕಿದ್ರೆ ಈ ಗಂಟುಗಳು ಜಗ್ಗಲ್ಲ, ಆದ್ರೆ ದಾರದಲ್ಲಿ ಮಾಂಸ ಸಿಕ್ಕಿಕೊಂಡ್ರೆ, ಒಂದು ಸುತ್ತು ಸಡಿಲ ಕೂತ್ರೆ, ಹೊರಗಿಂದ ಗೊತ್ತಾಗೋದು ಕಷ್ಟ.

ನಾಟ್‌ಲೆಸ್‌ನಲ್ಲಿ ಏನು ಮಾಡ್ತೀವಿ ಅಂದ್ರೆ, ಆಂಕರ್‌ಗಳನ್ನ ಒಳಗೊಂದು ಹೊರಗೊಂದು ಅಂತ ಎರಡು ಸಾಲಲ್ಲಿ ಹಾಕ್ತೀವಿ, ಒಳಸಾಲಿನ ಆಂಕರ್‌ಗಳ ದಾರ ಅಥವಾ ಎರಡು ಮಿಲಿಮೀಟರ್ ಅಗಲದ ಚಪ್ಪಟೆ ಟೇಪ್ ಟೆಂಡನ್ ಮೇಲಿಂದ ಹಾಯ್ಸಿ ಹೊರಗೆ ತರ್ತೀವಿ, ಇನ್ನೊಂದು ಆಂಕರ್‌ನ ತೂತಿಗೆ ಪೋಣಿಸ್ತೀವಿ, ಮೂಳೆಯಲ್ಲಿ ರಂಧ್ರ ಮಾಡಿ ಆ ಆಂಕರನ್ನ ದಾರದ ಸಮೇತ ಒಳಗೆ ಕೂರಿಸ್ತೀವಿ. ಕೂರಿಸೋ ಮುಂಚೆ ದಾರ ಎಳೆದು ಬಿಗಿ ನೋಡ್ಕೋತೀವಿ, ಟೆಂಡನ್ ಮೂಳೆ ಮೇಲೆ ಚಪ್ಪಟೆಯಾಗಿ ಮಲಗತ್ತೆ, ಆಮೇಲೆ ಸ್ಕ್ರೂ ತಿರುಗಿಸಿದ್ರೆ ದಾರ ಮೂಳೆಗೂ ಆಂಕರ್‌ಗೂ ನಡುವೆ ಸಿಕ್ಕಿ ಲಾಕ್ ಆಗತ್ತೆ. ಉಳಿದ ತುದಿ ಕತ್ತರಿಸಿದ್ರೆ ಮುಗೀತು. ಗಂಟು ಮಾಡೋ ಕೆಲಸಾನ ಇಲ್ಲಿ ಈ ಒತ್ತಡ ಮಾಡತ್ತೆ. 2001ರಲ್ಲಿ ಅಮೆರಿಕದ ರೇಮಂಡ್ ಥಾಲ್ ಅನ್ನೋ ಸರ್ಜನ್ ನಾಟ್‌ಲೆಸ್ ಆಂಕರ್ ಬಗ್ಗೆ ಮೊದಲು ಬರೆದಾಗ ಅದು ಒಂದು ಸಣ್ಣ ದಾರದ ಕುಣಿಕೆ ಮತ್ತು ಆ ಕುಣಿಕೆಯನ್ನ ಹಿಡಿಯೋ ಕಚ್ಚು ಇರೋ ಆಂಕರ್ ಆಗಿತ್ತು, ಅಲ್ಲಿಂದ ಇಲ್ಲಿವರೆಗೆ ಡಿಸೈನ್ ತುಂಬಾ ಬದಲಾಗಿದೆ.

ಇದರ ಬಲಹೀನತೆಯನ್ನೂ ಹೇಳ್ಲೇಬೇಕು. ದಾರವನ್ನ ಮೂಳೆಯೇ ಹಿಡ್ಕೋಬೇಕಾದ್ರಿಂದ ಮೂಳೆ ಪೊಳ್ಳಾಗಿದ್ರೆ, ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ, ದಾರ ಜಾರಬಹುದು ಇಲ್ಲ ಆಂಕರೇ ಎದ್ದು ಬರಬಹುದು. ಅಂಥ ಕಡೆ ದಪ್ಪ ಆಂಕರ್ ಹಾಕ್ತೀವಿ, ಇಲ್ಲ ಗಟ್ಟಿ ಮೂಳೆ ಇರೋ ಜಾಗ ಹುಡುಕ್ತೀವಿ.

ಆದ್ರೆ ನಿಮ್ಮ ಯಜಮಾನ್ರ ವಿಷಯದಲ್ಲಿ ನಾನು ಯೋಚನೆ ಮಾಡೋದು ಗಂಟಿನ ಬಗ್ಗೆ ಅಲ್ಲ, ಕಳೆದು ಹೋದ ಆರು ತಿಂಗಳ ಬಗ್ಗೆ. ಕಿತ್ತು ಹೋದ ಟೆಂಡನ್ ಹಿಂದಕ್ಕೆ ಸರೀತಾ ಹೋಗತ್ತೆ, ಕೆಲಸ ಇಲ್ಲದ ಸ್ನಾಯುವಿನೊಳಗೆ ಕೊಬ್ಬು ತುಂಬ್ತಾ ಹೋಗತ್ತೆ, ಆ ಕೊಬ್ಬು ಆಪರೇಷನ್ ಆದ್ಮೇಲೂ ಅಷ್ಟಾಗಿ ವಾಪಸ್ ಹೋಗಲ್ಲ. ಫ್ರಾನ್ಸ್‌ನ ಗೂಟಾಲಿಯೇ ಅನ್ನೋ ಸರ್ಜನ್ 1994ರಲ್ಲಿ ಇದನ್ನ ಸೊನ್ನೆಯಿಂದ ನಾಲ್ಕರವರೆಗೆ ಗ್ರೇಡ್ ಮಾಡೋ ಕ್ರಮ ಹೇಳಿಕೊಟ್ರು, ಇವತ್ತಿಗೂ ಅದನ್ನೇ ಬಳಸ್ತೀವಿ. ನಿಮ್ಮ ಡಾಕ್ಟರ ಹತ್ರ ಎರಡು ವಿಷಯ ಕೇಳಿ, ಟೆಂಡನ್ ಎಷ್ಟು ಹಿಂದೆ ಸರಿದಿದೆ, ಕೊಬ್ಬಿನ ಗ್ರೇಡ್ ಎಷ್ಟು. ಗ್ರೇಡ್ ಕಡಿಮೆ ಇದ್ರೆ ಇನ್ನು ತಡ ಮಾಡಬೇಡಿ.

ಪ್ರಶ್ನೆ: ನಮಸ್ಕಾರ್ರಿ ಡಾಕ್ಟರ್. ನಮ್ಮ ಮಗ 19 ವರ್ಷದಾಂವ, ಕಬಡ್ಡಿ ಆಡ್ತಾನ. ಎಡಗಡೆ ಭುಜ ಮೂರು ಸಲ ತಪ್ಪೇತಿ. ಬ್ಯಾಂಕಾರ್ಟ್ ಆಪರೇಷನ್ ಮಾಡಿ ಗಂಟಿಲ್ಲದ ಆಂಕರ್ ಹಾಕ್ತೀವಿ ಅಂದಾರ. ಮತ್ತ ಆಡಬಹುದೇನ್ರಿ? – ಓದುಗರು, ಧಾರವಾಡ

ಉತ್ತರ: ಆಡಬಹುದ್ರಿ, ಆದ್ರೆ ಮೊದಲು ಒಂದು ಸ್ಕ್ಯಾನ್ ನೋಡಬೇಕು. ಭುಜದ ಬಟ್ಟಲಿನ ಅಂಚಿಗೆ ಸುತ್ತಲೂ ಒಂದು ದಪ್ಪ ಅಂಚುಪಟ್ಟಿ ಇರತ್ತೆ, ಲೇಬ್ರಮ್ ಅಂತೀವಿ, ಭುಜ ಮುಂದಕ್ಕೆ ತಪ್ಪಿದಾಗ ಮುಂದಿನ ಕೆಳಭಾಗದಲ್ಲಿ ಅದು ಕಿತ್ತು ಹೋಗತ್ತೆ. ಇಷ್ಟು ಚಿಕ್ಕ ವಯಸ್ಸಲ್ಲಿ, ಅದೂ ಮೈಗೆ ಮೈ ತಾಗೋ ಆಟ ಆಡೋರಲ್ಲಿ, ಒಂದು ಸಲ ತಪ್ಪಿದ್ದು ಮತ್ತೆ ಮತ್ತೆ ತಪ್ಪೋದು ಬಹಳ ಸಾಮಾನ್ಯ. ಆ ಪಟ್ಟಿಯನ್ನ ಬಟ್ಟಲಿನ ಅಂಚಿಗೆ ವಾಪಸ್ ಕೂರಿಸೋದೇ ಬ್ಯಾಂಕಾರ್ಟ್ ರಿಪೇರಿ, ಸಾಮಾನ್ಯವಾಗಿ ಮೂರು ಇಲ್ಲ ನಾಲ್ಕು ಆಂಕರ್ ಬೇಕಾಗತ್ತೆ, ಇವು ಕಫ್ ರಿಪೇರಿಯವಕ್ಕಿಂತ ಸಣ್ಣವು, ಸುಮಾರು ಮೂರು ಮಿಲಿಮೀಟರ್.

ಗಂಟಿಲ್ಲದ ರೀತಿಗೆ ನಿಜವಾದ ಲಾಭ ಇರೋದು ಇಂಥ ಜಾಗದಲ್ಲೇ ಅಂತ ನನಗನ್ಸತ್ತೆ. ಈ ಕೀಲಿನಲ್ಲಿ ಗುಂಡುಮೂಳೆಗೂ ಬಟ್ಟಲಿಗೂ ನಡುವೆ ಜಾಗವೇ ಇಲ್ಲ, ಗಟ್ಟಿ ದಾರದ ಗಂಟು ಕೀಲಿನ ಕಡೆ ತಿರುಗಿ ಕೂತ್ರೆ ಪ್ರತಿ ಸಲ ಕೈ ಆಡಿಸಿದಾಗಲೂ ನುಣುಪಾದ ಕಾರ್ಟಿಲೇಜ್‌ಗೆ ಉಜ್ಜತ್ತೆ, ಹಾಗೆ ಉಜ್ಜಿ ಕಾರ್ಟಿಲೇಜ್ ಸವೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಗಂಟು ಹಾಕೋ ಸರ್ಜನ್‌ಗಳು ಅದನ್ನ ಕೀಲಿಂದ ದೂರ, ಪೊರೆ ಕಡೆ ಕೂರೋ ಹಾಗೆ ಜಾಗ್ರತೆ ಮಾಡ್ತಾರೆ, ನಾಟ್‌ಲೆಸ್‌ನಲ್ಲಿ ಆ ಚಿಂತೆನೇ ಇಲ್ಲ. ಬಡಿದು ಕೂರಿಸೋ ಹಳೇ ಮಾದರಿಗಳಲ್ಲಿ ಇನ್ನೊಂದು ತೊಂದರೆ ಇತ್ತು, ಆಂಕರ್ ಎಷ್ಟು ಆಳ ಹೋಗತ್ತೋ ಅದರ ಮೇಲೆ ದಾರದ ಬಿಗಿ, ಒಂದು ಸಲ ಕೂತ ಮೇಲೆ ತಿದ್ದೋಕಾಗಲ್ಲ. ಈಗ ಬರೋ ಕೆಲವು ಮಾದರಿಗಳಲ್ಲಿ ದಾರ ತನ್ನದೇ ನೂಲಿನ ಒಳಗಿಂದ ಹಾದು ಬರತ್ತೆ, ಒಂದು ತುದಿ ಎಳೆದಷ್ಟೂ ಹೊರಪದರ ಒಳಗಿನ ದಾರವನ್ನ ಹಿಸುಕಿ ಹಿಡಿಯತ್ತೆ, ಹಾಗಾಗಿ ಎಲ್ಲ ಆಂಕರ್ ಹಾಕಿದ ಮೇಲೂ ಒಂದೊಂದನ್ನೇ ಇನ್ನಷ್ಟು ಬಿಗಿ ಮಾಡಬಹುದು.

ಈಗ ಸ್ಕ್ಯಾನ್ ವಿಷಯ. ಮೂರು ಸಲ ತಪ್ಪಿದೆ ಅಂದ್ರೆ ಬಟ್ಟಲಿನ ಮುಂದಿನ ಮೂಳೆ ಸವೆದಿರೋ ಸಾಧ್ಯತೆ ಇದೆ. ಸಿಟಿ ಸ್ಕ್ಯಾನ್‌ನಲ್ಲಿ ಸವೆತ ಸುಮಾರು 20 ಪರ್ಸೆಂಟ್ ಮುಟ್ಟಿದ್ರೆ ಲೇಬ್ರಮ್ ಎಷ್ಟೇ ಚೆನ್ನಾಗಿ ಹೊಲಿದ್ರೂ, ಗಂಟು ಹಾಕಿ ಹಾಕದಿರಿ, ಮತ್ತೆ ತಪ್ಪತ್ತೆ. ಅಂಥವರಿಗೆ ಪಕ್ಕದ ಕೊಕ್ಕಿನಂಥ ಮೂಳೆಯ ತುಂಡನ್ನ ತಂದು ಅಂಚಿಗೆ ಸ್ಕ್ರೂ ಹಾಕೋ ಲಟಾರ್ಜೆ ಆಪರೇಷನ್ ಮಾಡ್ತೀವಿ, ಫ್ರಾನ್ಸ್‌ನ ಲಟಾರ್ಜೆ 1954ರಲ್ಲಿ ಹೇಳಿದ ವಿಧಾನ. ಕಬಡ್ಡಿ ಹುಡುಗರಲ್ಲಿ ಈ ಪ್ರಶ್ನೆ ಕೇಳದೆ ಮುಂದೆ ಹೋಗಲೇಬಾರದು. ಆಪರೇಷನ್ ಆದ್ಮೇಲೆ ಅಂಗಳಕ್ಕೆ ಇಳಿಯೋಕೆ ಕಡಿಮೆ ಅಂದ್ರೂ ಆರು ತಿಂಗಳು ಬೇಕ್ರಿ, ಟೂರ್ನಮೆಂಟ್ ಐತಿ ಅಂತ ಮುಂಚೆ ಇಳಿಸಬೇಡ್ರಿ.

ಪ್ರಶ್ನೆ: ಅಮ್ಮನಿಗೆ ಮಂಡಿ ಬದಲಾಯಿಸೋ ಆಪರೇಷನ್ ಆಯ್ತು. ಒಳಗೆ ಮುಳ್ಳು ಇರೋ ದಾರದಲ್ಲಿ ಹೊಲಿದಿದ್ದೀವಿ, ಗಂಟಿಲ್ಲ ಅಂದ್ರು. ಅಮ್ಮ ಅವತ್ತಿಂದ ಒಳಗೆ ಮುಳ್ಳು ಚುಚ್ಚತ್ತೆ ಅಂತ ಹೆದರಿದ್ದಾರೆ. ನಿಜವಾಗ್ಲೂ ಚುಚ್ಚತ್ತಾ? – ಓದುಗರು, ಶಿವಮೊಗ್ಗ

ಉತ್ತರ: ಅಮ್ಮನಿಗೆ ಧೈರ್ಯ ಹೇಳಿ. ಇದು ಮೇಲೆ ಹೇಳಿದ ಆಂಕರ್‌ಗಿಂತ ಬೇರೆ ವಿಷಯ, ಬಾರ್ಬ್ಡ್ ಸೂಚರ್ ಅಂತಾರೆ. ದಾರದ ಮೇಲೆ ಉದ್ದಕ್ಕೂ ತುಂಬಾ ಸಣ್ಣ ಕಚ್ಚು ಕೆತ್ತಿರ್ತಾರೆ. ಹೊಲದಲ್ಲಿ ನಡೆದ್ರೆ ಸೀರೆ ಅಂಚಿಗೆ ಹುಲ್ಲಿನ ಮುಳ್ಳು ಹತ್ತಿಕೊಳ್ಳತ್ತಲ್ಲ, ಮುಂದಕ್ಕೆ ಸಲೀಸಾಗಿ ಹೋಗತ್ತೆ, ಹಿಂದಕ್ಕೆ ಎಳೆದ್ರೆ ಬರಲ್ಲ, ಇದೂ ಅದೇ ರೀತಿ. ಸೂಜಿ ಹೋದ ಕಡೆಗೆ ದಾರ ಹೋಗತ್ತೆ, ವಾಪಸ್ ಜಾರಲ್ಲ, ಹಾಗಾಗಿ ಕೊನೆಗೆ ಗಂಟು ಬೇಡ, ಒಂದೆರಡು ಹೊಲಿಗೆ ಹಿಂದಕ್ಕೆ ಹಾಕಿ ಕತ್ತರಿಸಿಬಿಡ್ತೀವಿ. ಉದ್ದ ಗಾಯಕ್ಕೆ ಎಳೆತ ಒಂದು ಗಂಟಿನ ಮೇಲೆ ಬೀಳದೆ ಪೂರ್ತಿ ಉದ್ದಕ್ಕೂ ಹಂಚಿ ಹೋಗತ್ತೆ, ಟೈಮೂ ಉಳಿಯತ್ತೆ, ಮಂಡಿ ಆಪರೇಷನ್‌ನಲ್ಲಿ ಇದು ಓಡ್ತಿರೋದು ಅದಕ್ಕೇ.

ಐಡಿಯಾ ಹೊಸದಲ್ಲ. ಅಮೆರಿಕದ ಜಾನ್ ಅಲ್ಕಾಮೊ ಅನ್ನೋರಿಗೆ 1964ರಲ್ಲೇ ಇದರ ಪೇಟೆಂಟ್ ಸಿಕ್ತು. 1967ರಲ್ಲಿ ಮೆಕೆಂಜಿ ಅನ್ನೋ ಸರ್ಜನ್ ಕೈಬೆರಳಿನ ಟೆಂಡನ್‌ಗೆ ಮುಳ್ಳುದಾರ ಬಳಸಿ ಪ್ರಯೋಗ ಮಾಡಿ ಬರೆದ್ರು. ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಬರೋಕೆ ಮಾತ್ರ ಇನ್ನೂ ಮೂವತ್ತು ನಲವತ್ತು ವರ್ಷ ಹಿಡೀತು, ಅಮೆರಿಕದ ಎಫ್‌ಡಿಎ ಎರಡು ಕಡೆ ಮುಳ್ಳಿರೋ ದಾರಕ್ಕೆ ಒಪ್ಪಿಗೆ ಕೊಟ್ಟಿದ್ದು 2004ರಲ್ಲಿ. ಕಚ್ಚು ಕೆತ್ತಿದಾಗ ದಾರದ ಬಲ ಸ್ವಲ್ಪ ಕಮ್ಮಿಯಾಗತ್ತೆ, ಅದಕ್ಕೇ ಒಂದು ಸೈಜ್ ದಪ್ಪದ ದಾರದಲ್ಲಿ ಕೆತ್ತೋದು. ಆಶ್ಚರ್ಯ ಅಂದ್ರೆ ಮೆಕೆಂಜಿ ಶುರು ಮಾಡಿದ ಬೆರಳಿನ ಟೆಂಡನ್‌ಗೆ ಇದು ಇವತ್ತಿಗೂ ಮಾಮೂಲಿ ಪದ್ಧತಿ ಆಗಿಲ್ಲ, ಬೆರಳಿನ ಕೊಳವೆಯೊಳಗೆ ಟೆಂಡನ್ ನುಣುಪಾಗಿ ಜಾರಬೇಕು, ಲ್ಯಾಬ್‌ನಲ್ಲಿ ಬಲ ಚೆನ್ನಾಗಿ ಬಂದ್ರೂ ಕೈ ಸರ್ಜನ್‌ಗಳು ಹೆಚ್ಚಾಗಿ ಗಂಟಿನ ದಾರಕ್ಕೇ ಅಂಟಿಕೊಂಡಿದ್ದಾರೆ.

ಅಮ್ಮನ ಮಂಡಿಗೆ ಬರೋಣ. ಆ ಕಚ್ಚುಗಳು ಕೈಯಲ್ಲಿ ಮುಟ್ಟಿದ್ರೆ ಸ್ವಲ್ಪ ತರಿತರಿ ಅನ್ಸತ್ತೆ ಅಷ್ಟೇ. ಇಂಥ ಕಡೆ ಹಾಕೋದು ಸಾಮಾನ್ಯವಾಗಿ ಕರಗೋ ದಾರ, ಸುಮಾರು ಆರು ತಿಂಗಳಲ್ಲಿ ಹೋಗಿಬಿಡತ್ತೆ. ಚರ್ಮದ ಹತ್ತಿರ ದಾರದ ತುದಿ ಉಳಿದು ಹೊರಗೆ ಇಣುಕೋದು ಅಪರೂಪಕ್ಕೆ ಆಗತ್ತೆ, ಆಗ ನೀವೇ ಎಳೆಯೋಕೆ ಹೋಗ್ಬೇಡಿ. ಗಾಯ ಕೆಂಪಾಗಿ ಬಿಸಿಯಾದ್ರೆ, ಕೀವು ನೀರು ಸೋರಿದ್ರೆ, ಜ್ವರ ಬಂದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಬದಲಿ ಮಂಡಿಗೆ ಇನ್ಫೆಕ್ಷನ್ ಅಂದ್ರೆ ದೊಡ್ಡ ವಿಷಯ.

ಪ್ರಶ್ನೆ: ಎಸ್ಟಿಮೇಟ್‌ನಲ್ಲಿ ಆಂಕರ್ ದುಡ್ಡೇ ಅರ್ಧಕ್ಕಿಂತ ಜಾಸ್ತಿ ಇದೆ. ಗಂಟು ಹಾಕಿ ಮಾಡಿದ್ರೆ ಕಮ್ಮಿ ಆಗತ್ತಾ? ಫಲಿತಾಂಶ ಕಮ್ಮಿ ಆಗತ್ತಾ? – ಓದುಗರು, ಚಿಕ್ಕಮಗಳೂರು

ಉತ್ತರ: ಎಷ್ಟೋ ಸಲ ಕಮ್ಮಿ ಆಗತ್ತೆ, ಯಾಕಂದ್ರೆ ಎರಡು ಸಾಲಿನ ನಾಟ್‌ಲೆಸ್ ರಿಪೇರಿಗೆ ಒಟ್ಟು ಆಂಕರ್ ಜಾಸ್ತಿ ಬೇಕು, ಹರಿದ ಜಾಗ ಸಣ್ಣದಿದ್ರೆ ಒಂದೇ ಸಾಲಿನಲ್ಲಿ ಒಂದೆರಡು ಆಂಕರ್ ಹಾಕಿ ಗಂಟು ಕಟ್ಟಿದ್ರೆ ಸಾಕಾಗಬಹುದು. ಫಲಿತಾಂಶದ ಬಗ್ಗೆ ನೇರವಾಗಿ ಹೇಳ್ತೀನಿ, ಕಫ್ ರಿಪೇರಿಯಲ್ಲಿ ಗಂಟು ಇರೋದು ಇಲ್ಲದ್ದು ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ನೋವು, ಕೈ ಕೆಲಸ, ಮತ್ತೆ ಹರಿಯೋ ಪ್ರಮಾಣ ಒಟ್ಟಾರೆ ಸರಿಸಮವೇ ಬಂದಿದೆ, ನಾಟ್‌ಲೆಸ್‌ನಲ್ಲಿ ಆಪರೇಷನ್ ಬೇಗ ಮುಗಿಯತ್ತೆ. ಹಾಗಾಗಿ ಗಂಟಿಲ್ಲದ್ದು ಸಿಗಲಿಲ್ಲ ಅಂತ ಯಾರೂ ಕೊರಗಬೇಕಾಗಿಲ್ಲ, ಅದಕ್ಕೋಸ್ಕರ ಸಾಲ ಮಾಡೋದು ನನಗಂತೂ ಸರಿ ಕಾಣಲ್ಲ. ಸರ್ಜನ್‌ಗೆ ಯಾವುದು ಕೈಗೆ ಕೂತಿದೆಯೋ ಅದನ್ನ ಮಾಡಲಿ. ಎಷ್ಟು ಆಂಕರ್ ಅಂತ ಮುಂಚೆನೇ ಕೇಳಿ, ಆಪರೇಷನ್ ಆದ್ಮೇಲೆ ಇಂಪ್ಲಾಂಟ್ ಸ್ಟಿಕ್ಕರ್‌ಗಳು ಫೈಲಲ್ಲಿ ಅಂಟಿಸಿದ್ದಾರಾ ಎಣಿಸಿ ನೋಡಿ. ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಮಾಡಿಸೋದಾದ್ರೆ ಪ್ಯಾಕೇಜ್‌ಗೆ ಆಂಕರ್ ಸೇರಿದೆಯಾ ಅಂತ ಆಸ್ಪತ್ರೆಯಲ್ಲಿರೋ ಆರೋಗ್ಯಮಿತ್ರರನ್ನ ಕೇಳಿ.

ಪ್ರಶ್ನೆ: ನಾನು ಫಿಸಿಯೋಥೆರಪಿ ವಿದ್ಯಾರ್ಥಿ. ಒಳಸಾಲಿನಲ್ಲಿ ಗಂಟು ಹಾಕಿದ್ರೆ ಟೆಂಡನ್‌ಗೆ ರಕ್ತ ಕಮ್ಮಿಯಾಗತ್ತೆ ಅಂತ ಓದಿದೆ. ಹಾಗಾದ್ರೆ ಎಲ್ಲರೂ ನಾಟ್‌ಲೆಸ್ ಯಾಕೆ ಮಾಡಲ್ಲ ಮೇಡಂ? – ಓದುಗರು, ಮಂಗಳೂರು

ಉತ್ತರ: ಒಳ್ಳೆ ಪ್ರಶ್ನೆ. ಎರಡು ಸಾಲಿನ ನಡುವೆ ದಾರ ಸೇತುವೆ ಹಾಕೋ ಸೂಚರ್ ಬ್ರಿಜ್ ರೀತಿ 2006ರ ಹೊತ್ತಿಗೆ ಬಂತು. ಅದಾದ ಮೇಲೆ ಹೊಸ ಥರದ ಸೋಲು ಕಾಣಿಸ್ತು. ಮುಂಚೆ ಮತ್ತೆ ಹರಿದ್ರೆ ಮೂಳೆಯಿಂದ ಎದ್ದು ಬರ್ತಿತ್ತು, ಈಗ ಮೂಳೆ ಮೇಲೆ ಟೆಂಡನ್ ಚೆನ್ನಾಗಿ ಅಂಟಿದೆ, ಆದ್ರೆ ಒಳಸಾಲಿನ ಗಂಟಿನ ಹತ್ರ, ಸ್ನಾಯು ಟೆಂಡನ್ ಆಗೋ ಜಾಗದಲ್ಲಿ ಹರಿದಿದೆ. 2010ರಲ್ಲಿ ಕೊರಿಯಾದ ಸರ್ಜನ್‌ಗಳು ಈ ಎರಡು ನಮೂನೆಯನ್ನ ಬೇರೆ ಬೇರೆಯಾಗಿ ವಿವರಿಸಿದ್ರು. ಎರಡನೇ ನಮೂನೆ ಕೆಟ್ಟದ್ದು, ಮತ್ತೆ ಹೊಲಿಯೋಕೆ ಒಳ್ಳೆ ಟೆಂಡನ್ ಉಳಿದಿರಲ್ಲ. ಬಿಗಿ ಗಂಟು ಆ ಜಾಗಾನ ಉಸಿರು ಕಟ್ಟಿಸತ್ತೆ ಅನ್ನೋದು ವಾದ, ಅದಕ್ಕೆ ಒಳಸಾಲಲ್ಲಿ ಗಂಟು ಬಿಟ್ಟು ಟೇಪ್ ಮಾತ್ರ ಹಾಯಿಸೋದು ಶುರುವಾಯ್ತು. ಇನ್ನೊಂದು ಕಡೆ, ಲ್ಯಾಬ್‌ನಲ್ಲಿ ಎಳೆದು ನೋಡಿದಾಗ ಒಳಸಾಲಲ್ಲಿ ಗಂಟಿರೋ ರಿಪೇರಿಗಳೇ ಹೆಚ್ಚು ಬಲ ತಡೆದಿವೆ, ಜೊತೆಗೆ ಗಂಟಿಲ್ಲದ ಜೋಡಣೆಯಲ್ಲಿ ದಾರಗಳೆಲ್ಲ ಒಂದಕ್ಕೊಂದು ಸೇರಿರೋದ್ರಿಂದ ಒಂದು ಹೊರ ಆಂಕರ್ ಸಡಿಲವಾದ್ರೆ ಪೂರ್ತಿ ಸೇತುವೆ ಬಿಗಿ ಕಳ್ಕೊಳತ್ತೆ. ಅದಕ್ಕೇ ಪೊಳ್ಳು ಮೂಳೆಗೆ ನಾನು ಒಳಗೆ ಗಂಟು ಹಾಕಿಯೇ ಮುಂದೆ ಹೋಗ್ತೀನಿ, ಟೆಂಡನ್ ತೆಳ್ಳಗಿದ್ದು ಮೂಳೆ ಗಟ್ಟಿ ಇದ್ರೆ ಹಾಕಲ್ಲ. ನೀವು ಫಿಸಿಯೋ ಮಾಡೋವಾಗ ಸರ್ಜನ್‌ಗೆ ಫೋನ್ ಮಾಡಿ ಟೆಂಡನ್ ಹೇಗಿತ್ತು ಅಂತ ಕೇಳೋ ಅಭ್ಯಾಸ ಇಟ್ಕೊಳ್ಳಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬರೆದಿರೋದು ಕಮ್ಮಿ.

ಪ್ರಶ್ನೆ: 38 ವರ್ಷ, ಶಟಲ್ ಆಡ್ವಾಗ ಹಿಮ್ಮಡಿ ಹಿಂದೆ ಟಪ್ ಅಂತ ಸದ್ದಾಯ್ತು, ಅಕಿಲಿಸ್, ಅಂದ್ರೆ ಹಿಮ್ಮಡಿ ಹಿಂದಿನ ದಪ್ಪ ಟೆಂಡನ್, ಹರಿದಿದೆ. ಒಬ್ಬರು ಗಂಟಿಲ್ಲದ ಕೀಹೋಲ್ ಹೊಲಿಗೆ ಅಂತಾರೆ, ಇನ್ನೊಬ್ಬರು ಆಪರೇಷನ್ನೇ ಬೇಡ, ಪಾದ ಅಲುಗದ ಹಾಗೆ ಹಿಡಿಯೋ ಬೂಟ್ ಸಾಕು ಅಂತಾರೆ. – ಓದುಗರು, ಬೆಂಗಳೂರು

ಉತ್ತರ: ಇಬ್ಬರು ಹೇಳೋದೂ ತಪ್ಪಲ್ಲ. 2022ರಲ್ಲಿ ನಾರ್ವೆಯಿಂದ 526 ಜನರ ಮೇಲೆ ಮಾಡಿದ ಒಂದು ಒಳ್ಳೆ ಅಧ್ಯಯನ ಬಂತು, ಆಪರೇಷನ್ ಇಲ್ಲದೆ, ತೆರೆದು ಹೊಲಿದು, ಸಣ್ಣ ಗಾಯದಲ್ಲಿ ಹೊಲಿದು, ಹೀಗೆ ಮೂರು ಗುಂಪು. ವರ್ಷದ ಕೊನೆಗೆ ನಡಿಗೆ ಓಟದ ಅಂಕ ಮೂರರಲ್ಲೂ ಹತ್ತಿರ ಹತ್ತಿರ ಒಂದೇ. ಮತ್ತೆ ಹರಿದಿದ್ದು ಆಪರೇಷನ್ ಇಲ್ಲದವರಲ್ಲಿ 6.2 ಪರ್ಸೆಂಟ್, ಹೊಲಿಸಿಕೊಂಡ ಎರಡೂ ಗುಂಪಲ್ಲಿ 0.6. ಆದ್ರೆ ಸಣ್ಣ ಗಾಯದ ಆಪರೇಷನ್‌ನಲ್ಲಿ ನರಕ್ಕೆ ಪೆಟ್ಟಾಗೋದು ಜಾಸ್ತಿ ಇತ್ತು. ಗಂಟಿಲ್ಲದ ವಿಧಾನದಲ್ಲಿ ದಾರವನ್ನ ಟೆಂಡನ್ ಒಳಗಿಂದ ಕೆಳಗೆ ತಂದು ಹಿಮ್ಮಡಿ ಮೂಳೆಯಲ್ಲಿ ಆಂಕರ್ ಹಾಕಿ ಲಾಕ್ ಮಾಡ್ತಾರೆ, ಹಿಮ್ಮಡಿ ಹಿಂದೆ ಚರ್ಮ ತೆಳ್ಳಗೆ ಇರೋದ್ರಿಂದ ಅಲ್ಲಿ ಗಂಟು ಇಲ್ಲದಿರೋದು ಒಳ್ಳೇದೇ, ಶೂ ಹಾಕಿದಾಗ ಒತ್ತಲ್ಲ. ನೀವು ಮತ್ತೆ ಕೋರ್ಟಿಗೆ ಇಳೀಲೇಬೇಕು ಅಂದ್ರೆ ಆಪರೇಷನ್ ಕಡೆ ವಾಲಬಹುದು. ಸಿಗರೇಟ್ ಸೇದೋರಾದ್ರೆ, ಶುಗರ್ ಇದ್ರೆ, ಗಾಯ ಮಾಯೋದು ಕಷ್ಟ, ಬೂಟ್ ಕಡೆ ಯೋಚನೆ ಮಾಡಿ. ಯಾವುದಾದ್ರೂ ಬೇಗ ತೀರ್ಮಾನ ಮಾಡಿ, ಮೊದಲ ಎರಡು ವಾರದೊಳಗೆ.

ಪ್ರಶ್ನೆ: ಕಫ್ ರಿಪೇರಿ ಆಗಿ ಮೂರು ವಾರ ಆಯ್ತು, ನಾಟ್‌ಲೆಸ್. ನೋವು ಪೂರ್ತಿ ಹೋಗಿದೆ. ಶುಗರ್ ಇದೆ. ಸ್ಲಿಂಗ್ ತೆಗೆದು ಸ್ಕೂಟರ್ ಓಡಿಸಬಹುದಾ? – ಓದುಗರು, ಮೈಸೂರು

ಉತ್ತರ: ಬೇಡ, ದಯವಿಟ್ಟು ಬೇಡ. ನೋವು ಹೋಗಿದ್ದು ಖುಷಿ, ಆದ್ರೆ ಟೆಂಡನ್ ಇನ್ನೂ ಮೂಳೆಗೆ ಅಂಟಿಲ್ಲ, ಈಗ ಅದನ್ನ ಹಿಡಿದಿರೋದು ದಾರ ಮಾತ್ರ. ಮೊದಲ ವಾರ ಊತ, ಆಮೇಲೆ ಸುಮಾರು ಆರು ವಾರದವರೆಗೆ ಮೆತ್ತಗಿನ ಹೊಸ ನಾರು ಬೆಳೆಯತ್ತೆ, ಅದು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಈ ಹೊತ್ತಲ್ಲಿ ರಿಪೇರಿ ಸೋಲೋದು ಹೇಗೆ ಅಂತ ಗೊತ್ತಾ? ದಾರ ತುಂಡಾಗೋದು ಬಹಳ ಅಪರೂಪ, ಗಂಟಿರಲಿ ಇಲ್ಲದಿರಲಿ. ಗಟ್ಟಿ ದಾರ ಮೆತ್ತಗಿನ ಟೆಂಡನನ್ನ ಕೊಯ್ದುಕೊಂಡು ಹೊರಗೆ ಬರತ್ತೆ. ಮತ್ತೆ ಹರಿದು ಬಂದವರ ಒಳಗೆ ಕ್ಯಾಮೆರಾ ಹಾಕಿ ನೋಡಿದ್ರೆ ದಾರ ಆಂಕರ್ ಎರಡೂ ಹಾಕಿದ ಹಾಗೇ ಇರ್ತವೆ, ಟೆಂಡನ್ ಮಾತ್ರ ಬಿಟ್ಟು ಹೋಗಿರತ್ತೆ, ಅದನ್ನ ನೋಡೋವಾಗ ನಿಜವಾಗ್ಲೂ ಸಂಕಟ ಆಗತ್ತೆ. ಸ್ಕೂಟರ್ ಹ್ಯಾಂಡಲ್ ಒಂದು ಗುಂಡಿಗೆ ಇಳಿದಾಗ ಎಳೆಯೋ ಎಳೆತ ಸಾಕು ಇದಕ್ಕೆ.

ಸ್ಲಿಂಗ್ ಎಷ್ಟು ದಿನ ಅಂತ ನಿಮ್ಮ ಸರ್ಜನ್ ಹೇಳಿರ್ತಾರೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಲ್ಲಿವರೆಗೆ ಮೊಣಕೈ, ಮಣಿಕಟ್ಟು, ಬೆರಳು ಆಡಿಸ್ತಾ ಇರಿ, ಭುಜವನ್ನ ಫಿಸಿಯೋದವರು ಆಡಿಸಲಿ, ನೀವಾಗಿ ಎತ್ತಬೇಡಿ. ಆರು ವಾರ ಆದ್ಮೇಲೆ ನಿಧಾನಕ್ಕೆ ನೀವೇ ಎತ್ತೋದು, ಮೂರು ತಿಂಗಳಾದ ಮೇಲೆ ಬಲದ ವ್ಯಾಯಾಮ, ಭಾರದ ಕೆಲಸ ಆರು ತಿಂಗಳ ನಂತರವೇ. ಶುಗರ್ ಇರೋರಲ್ಲಿ ಟೆಂಡನ್ ಅಂಟೋದೂ ನಿಧಾನ, ಭುಜ ಬಿಗಿದುಕೊಳ್ಳೋದೂ ಜಾಸ್ತಿ, ಹಾಗಾಗಿ ಈ ವಾರವೇ ಎಚ್‌ಬಿಎ1ಸಿ, ಅಂದ್ರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಟೆಸ್ಟ್, ಮಾಡಿಸಿ. ಸ್ಕೂಟರ್ ಮನೆಯವರು ಓಡಿಸಲಿ, ನೀವು ಹಿಂದೆ ಕೂರೋದೂ ಸದ್ಯಕ್ಕೆ ಬೇಡ, ಆಟೋದಲ್ಲಿ ಹೋಗಿ.

ಪ್ರಶ್ನೆ: ಭುಜದಲ್ಲಿ ಆಂಕರ್ ಇದೆ. ಮುಂದೆ ಯಾವತ್ತಾದ್ರೂ ಎಂಆರ್‌ಐ ಮಾಡಿಸಬಹುದಾ? – ಓದುಗರು, ಬಳ್ಳಾರಿ

ಉತ್ತರ: ಸಾಮಾನ್ಯವಾಗಿ ಮಾಡಿಸಬಹುದು. ಈಗ ಹೆಚ್ಚಿನ ಆಂಕರ್‌ಗಳು ಪೀಕ್ ಅನ್ನೋ ಗಟ್ಟಿ ಪ್ಲಾಸ್ಟಿಕ್, ಕರಗೋ ವಸ್ತು ಅಥವಾ ಬರೀ ದಾರದಿಂದಲೇ ಮಾಡಿದವು. ಟೈಟಾನಿಯಂ ಆಗಿದ್ರೂ ಅಯಸ್ಕಾಂತ ಎಳೆಯಲ್ಲ, ಆ ಜಾಗದ ಚಿತ್ರ ಸ್ವಲ್ಪ ಮಸುಕಾಗತ್ತೆ ಅಷ್ಟೇ. ಸ್ಕ್ಯಾನ್‌ಗೆ ಮುಂಚೆ ಟೆಕ್ನಿಷಿಯನ್‌ಗೆ ಹೇಳಿ, ಆಪರೇಷನ್ ಫೈಲ್‌ನ ಸ್ಟಿಕ್ಕರ್ ಪುಟದ ಫೋಟೋ ಮೊಬೈಲಲ್ಲಿ ಇಟ್ಕೊಂಡಿದ್ರೆ ಅಲ್ಲೇ ತೋರಿಸಬಹುದು.